ಹಳೆಯ ಫೋನಿಗೆ ಹೊಸ ಕಿವಿ

ತಿಪಟೂರಿನ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಒಂದು ರಿಪೇರಿ ಅಂಗಡಿಯಿದೆ. ಎಂಟಡಿಗೆ ಹತ್ತಡಿ ಜಾಗ. ಗೋಡೆಯ ತುಂಬ ಹಲಗೆಗಳು, ಹಲಗೆಯ ತುಂಬ ತಗಡಿನ ಡಬ್ಬಿಗಳು. ಮೂವತ್ತೈದು ವರ್ಷಗಳ ಕಾಲ ಆ ಅಂಗಡಿಯಲ್ಲಿ ಕುಳಿತವರು ಮೊದಲು ವಾಲ್ವ್ ರೇಡಿಯೋ ಬಿಚ್ಚಿದರು, ಆಮೇಲೆ ಟ್ರಾನ್ಸಿಸ್ಟರ್, ಆಮೇಲೆ ಟೇಪ್ ರೆಕಾರ್ಡರ್, ಟೀವಿ. ಅವೆಲ್ಲ ಒಂದೊಂದಾಗಿ ಮನೆಗಳಿಂದ ಮಾಯವಾದ ಮೇಲೆ ಮಿಕ್ಸಿ, ಎಮರ್ಜೆನ್ಸಿ ಲ್ಯಾಂಪು ಎಂದು ಹೇಗೋ ಕಾಲ ಹಾಕುತ್ತಿದ್ದರು. ಮೊಬೈಲು ಮಾತ್ರ ಅವರ ಕೈಗೆ ಒಗ್ಗಲಿಲ್ಲ. ತಿರುಪು ಕಾಣದ ವಸ್ತುವನ್ನು ಅವರು ನಂಬುತ್ತಿರಲಿಲ್ಲ.

2018ರ ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮಗ ಅದೇ ಅಂಗಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕುಳಿತ. ಎಂಜಿನಿಯರಿಂಗ್ ಎರಡನೆಯ ವರ್ಷ. ಪಕ್ಕದಲ್ಲಿ ಎಸ್.ಪಿ. ರಸ್ತೆಯಲ್ಲಿ ಕೊಂಡು ತಂದ ಹಳೆಯ ನೆಕ್ಸಸ್ 5 ಫೋನು, ಗಾಜು ಒಂದು ಮೂಲೆಯಲ್ಲಿ ಸೀಳಿತ್ತು. ಫೋನಿಗೂ ಲ್ಯಾಪ್‌ಟಾಪಿಗೂ ವೈರು ಜೋಡಿಸಿ ಏನೋ ಟೈಪು ಮಾಡುತ್ತಿದ್ದವನನ್ನು ತಂದೆ ಕನ್ನಡಕದ ಮೇಲಿಂದ ನೋಡಿದರು.

"ಏನೋ ಅದು?"

"ರೂಟ್ ಮಾಡ್ತಿದ್ದೀನಿ ಅಪ್ಪ. ಆಮೇಲೆ ಇದರ ವೈ-ಫೈ ಫರ್ಮ್‌ವೇರ್ ಬದಲಾಯಿಸಬೇಕು."

ಮಿಕ್ಸಿ ಜಾರು ಹಿಡಿದು ನಿಂತಿದ್ದ ಗಿರಾಕಿಯೊಬ್ಬರು, "ಅದು ಹ್ಯಾಕಿಂಗ್ ಅಲ್ವೇನಪ್ಪ? ಪೇಪರಲ್ಲಿ ಬರ್ತಿರ್ತದೆ," ಎಂದರು. ತಂದೆ ಮಾತಾಡಲಿಲ್ಲ. ಆದರೆ ಗಿರಾಕಿ ಹೋದ ಮೇಲೆ ಸ್ಟೂಲನ್ನು ಎಳೆದುಕೊಂಡು ಮಗನ ಪಕ್ಕ ಕುಳಿತರು. "ಪೊಲೀಸ್ನೋರು ಬರೋ ಕೆಲಸ ಏನಾದ್ರೂ ಇದೆಯಾ? ಇದ್ರೆ ಈಗ್ಲೇ ಹೇಳು."

ಬಹುಪಾಲು ಮನೆಗಳಲ್ಲಿ ಈ ಪ್ರಶ್ನೆ ಬೈಗುಳದ ರೂಪದಲ್ಲಿ ಬರುತ್ತದೆ, ಮಗನ ಉತ್ತರ ಮೌನದ ರೂಪದಲ್ಲಿ. ಇಲ್ಲಿ ಹಾಗಾಗಲಿಲ್ಲ. ಕೇಳಿದವರು ಬಿಚ್ಚುವ ಕಸುಬಿನವರಾಗಿದ್ದರಲ್ಲ, ಬಿಚ್ಚುವುದೇ ತಪ್ಪು ಎಂದು ಅವರಿಗೆ ಅನ್ನಿಸುವಂತಿರಲಿಲ್ಲ.

ಮಗ ಮೊದಲಿಂದ ಹೇಳಿದ. ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್. ಅದರಲ್ಲಿ ಎಲ್ಲಕ್ಕೂ ಅಧಿಕಾರವಿರುವ ಬಳಕೆದಾರನ ಹೆಸರು 'ರೂಟ್'. ಫೋನು ಕೊಂಡವರಿಗೆ ಆ ಅಧಿಕಾರವನ್ನು ಕೊಟ್ಟಿರುವುದಿಲ್ಲ. ಆಪ್ ಹಾಕಬಹುದು, ಚಿತ್ರ ತೆಗೆಯಬಹುದು, ಆದರೆ ವ್ಯವಸ್ಥೆಯ ಕಡತಗಳಿರುವ ಭಾಗಕ್ಕೆ ಕೈ ಹಾಕುವ ಹಾಗಿಲ್ಲ. ಮನೆ ಕೊಂಡರೂ ಮೀಟರ್ ಬೋರ್ಡಿನ ಬೀಗದ ಕೈ ಕಟ್ಟಿದವರ ಹತ್ತಿರವೇ ಇದ್ದ ಹಾಗೆ. ಅದಕ್ಕೆ ಕಾರಣವೂ ಉಂಟು. ಫೋನಿನೊಳಗೆ ಹೇಗೋ ನುಸುಳಿದ ಕೆಟ್ಟ ಆಪ್ ಒಂದಕ್ಕೆ ಆ ಕೈ ಸಿಕ್ಕಿದರೆ ಮುಗಿಯಿತು. ಅದಕ್ಕಾಗಿಯೇ ಬ್ಯಾಂಕುಗಳ ಎಷ್ಟೋ ಆಪ್‌ಗಳು ರೂಟ್ ಮಾಡಿದ ಫೋನಿನಲ್ಲಿ ತೆರೆದುಕೊಳ್ಳುವುದೇ ಇಲ್ಲ.

ರೂಟ್ ಮಾಡುವ ಮೊದಲು ಬೂಟ್‌ಲೋಡರಿನ ಬೀಗ ತೆಗೆಯಬೇಕು. ಫೋನು ಹೊತ್ತಿಕೊಂಡಾಗ ಎಲ್ಲಕ್ಕಿಂತ ಮೊದಲು ಎದ್ದು, ಉಳಿದದ್ದನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್ ಅದು. ನೆಕ್ಸಸ್ ಫೋನುಗಳಲ್ಲಿ ಈ ಬೀಗ ತೆಗೆಯಲು ಗೂಗಲ್ಲೇ ದಾರಿ ಬಿಟ್ಟಿತ್ತು. ಆದರೆ ಬೀಗ ತೆಗೆದ ಕ್ಷಣವೇ ಫೋನಿನಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ, ಚಿತ್ರ, ಸಂದೇಶ, ನಂಬರು ಎಲ್ಲ. ಕದ್ದ ಫೋನಿನ ಬೀಗ ತೆಗೆದವನಿಗೆ ಮಾಲೀಕರ ಗುಟ್ಟು ಸಿಗಬಾರದು ಎಂಬುದು ಅದರ ಉದ್ದೇಶ. ಹಾಸ್ಟೆಲಿನ ಗೆಳೆಯನೊಬ್ಬ ಪರದೆಯ ಮೇಲಿನ ಎಚ್ಚರಿಕೆಯನ್ನು ಓದದೆ ತನ್ನ ದಿನಬಳಕೆಯ ಫೋನಿಗೇ ಇದನ್ನು ಮಾಡಿ ಅಕ್ಕನ ಮದುವೆಯ ಚಿತ್ರಗಳನ್ನೆಲ್ಲ ಕಳೆದುಕೊಂಡಿದ್ದ. ಆದ್ದರಿಂದಲೇ ಈ ಹುಡುಗ ಪ್ರಯೋಗಕ್ಕೆಂದು ಬೇರೆಯೇ ಫೋನು ತಂದಿದ್ದು. ಅದರಲ್ಲಿ ಸಿಮ್ ಇರಲಿಲ್ಲ, ಯಾರ ಹೆಸರೂ ಇರಲಿಲ್ಲ, ಹಣಕಾಸಿನ ಯಾವ ಲೆಕ್ಕವೂ ಇರಲಿಲ್ಲ. ಈ ಕೆಲಸಕ್ಕೆ ಬೇಕಾದ ಬುದ್ಧಿಯಲ್ಲಿ ಅರ್ಧ ಅಷ್ಟೇ ಎಂದರೂ ತಪ್ಪಿಲ್ಲ.

"ಸರಿ, ಬೀಗ ತೆಗ್ದೆ. ಒಳಗೆ ಏನಿದೆ?" ಎಂದರು ತಂದೆ.

ಒಳಗಿರುವುದು ಕುತೂಹಲದ ವಸ್ತುವೇ. ವೈ-ಫೈ ಎಂದರೆ ಫೋನಿನ ಮುಖ್ಯ ಪ್ರೊಸೆಸರು ನೇರವಾಗಿ ಮಾಡುವ ಕೆಲಸವಲ್ಲ. ಅದಕ್ಕೊಂದು ಪ್ರತ್ಯೇಕ ಚಿಪ್ ಉಂಟು. ನೆಕ್ಸಸ್ 5ರಲ್ಲಿ ಇರುವುದು ಬ್ರಾಡ್‌ಕಾಮ್ ಕಂಪನಿಯ ಬಿಸಿಎಂ 4339. ಅದರೊಳಗೆ ಅದರದೇ ಆದ ಒಂದು ಪುಟ್ಟ ಪ್ರೊಸೆಸರು, 640 ಕಿಲೋಬೈಟ್ ಶಾಶ್ವತ ಸ್ಮೃತಿ, 768 ಕಿಲೋಬೈಟ್ ಅಳಿಸಿ ಬರೆಯಬಹುದಾದ ಸ್ಮೃತಿ. ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರು ಎನ್ನಬಹುದು. ಅದನ್ನು ನಡೆಸುವ ಪ್ರೋಗ್ರಾಮೇ ಫರ್ಮ್‌ವೇರ್. ಅದರ ಒಂದು ಭಾಗ ಚಿಪ್ಪಿನಲ್ಲೇ ಅಚ್ಚಾಗಿರುತ್ತದೆ. ಇನ್ನೊಂದು ಭಾಗ ಫೋನಿನಲ್ಲಿ ಒಂದು ಸಾಮಾನ್ಯ ಕಡತವಾಗಿ ಕುಳಿತಿರುತ್ತದೆ. ವೈ-ಫೈ ಚಿಪ್ಪಿಗೆ ಜೀವ ಕೊಟ್ಟಾಗಲೆಲ್ಲ ಫೋನು ಆ ಕಡತವನ್ನು ಅದರ ಸ್ಮೃತಿಗೆ ತುಂಬುತ್ತದೆ. ಅಂದರೆ, ಆ ಕಡತವನ್ನು ಬದಲಾಯಿಸಿದರೆ ಚಿಪ್ಪಿನ ನಡವಳಿಕೆಯೇ ಬದಲಾಗುತ್ತದೆ. ಹಳೆಯ ಕಡತವನ್ನು ಮತ್ತೆ ಇಟ್ಟರೆ ಚಿಪ್ಪು ಮೊದಲಿನಂತಾಗುತ್ತದೆ.

ಬದಲಾಯಿಸುವುದಾದರೂ ಏಕೆ? ಚಿಪ್ಪಿನ ಕಿವಿಗೆ ಕಂಪನಿ ಒಂದು ಮುಚ್ಚಳ ಹಾಕಿದೆ. ಗಾಳಿಯಲ್ಲಿ ಹೋಗುವ ಪ್ರತಿಯೊಂದು ವೈ-ಫೈ ಸಂದೇಶದ ಮೇಲೂ ಟಪಾಲಿನ ಹಾಗೆ ವಿಳಾಸವಿರುತ್ತದೆ. ತನ್ನ ವಿಳಾಸವಿಲ್ಲದ್ದನ್ನು ಚಿಪ್ಪು ಕೇಳಿಯೂ ಕೇಳದ ಹಾಗೆ ಎಸೆದುಬಿಡುತ್ತದೆ, ಫೋನಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಆ ಜರಡಿಯನ್ನು ತೆಗೆದು, ಒಂದು ಚಾನೆಲಿನಲ್ಲಿ ಬಂದದ್ದನ್ನೆಲ್ಲ ಮೇಲಕ್ಕೆ ಕಳಿಸು ಎಂದು ಹೇಳುವುದಕ್ಕೆ 'ಮಾನಿಟರ್ ಮೋಡ್' ಎಂದು ಹೆಸರು. ಲ್ಯಾಪ್‌ಟಾಪಿಗೆ ಚುಚ್ಚುವ ಕೆಲವು ವೈ-ಫೈ ಸಾಧನಗಳಲ್ಲಿ ಇದು ಬಹಳ ಹಿಂದಿನಿಂದಲೂ ಇದೆ. ಫೋನಿನ ಚಿಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

2012ರಲ್ಲಿ ಇಸ್ರೇಲಿನ ಮೂವರು ತರುಣರು ತಮ್ಮ ರಜೆಯನ್ನು ಇದಕ್ಕೇ ಮೀಸಲಿಟ್ಟರು. ಪ್ರವಾಸ ಹೋಗಬೇಕಾದ ದಿನಗಳಲ್ಲಿ ಬ್ರಾಡ್‌ಕಾಮ್ ಫರ್ಮ್‌ವೇರಿನ ಒಳಗನ್ನು ಸಾಲು ಸಾಲಾಗಿ ಬಗೆದು, ಆ ಕಾಲದ ನೆಕ್ಸಸ್ ಒನ್ ಮತ್ತು ಗ್ಯಾಲಕ್ಸಿ ಎಸ್ 2 ಫೋನುಗಳ ಕಿವಿಯ ಮುಚ್ಚಳ ತೆಗೆದರು. 'ಬಿಸಿಮಾನ್' ಎಂದು ಅದಕ್ಕೆ ಹೆಸರು. ಆಮೇಲೆ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಥಿಯಾಸ್ ಶುಲ್ಜ್, ಡೇನಿಯಲ್ ವೆಗೆಮರ್ ಎಂಬ ಸಂಶೋಧಕರು ಪ್ರೊಫೆಸರ್ ಮಥಿಯಾಸ್ ಹಾಲಿಕ್ ಅವರ ಪ್ರಯೋಗಾಲಯದಲ್ಲಿ ಕೆಲಸವನ್ನು ಬಹಳ ಮುಂದಕ್ಕೆ ಒಯ್ದರು. ಅವರ 'ನೆಕ್ಸ್‌ಮಾನ್' ಬರುವವರೆಗೆ ಫರ್ಮ್‌ವೇರನ್ನು ತಿದ್ದುವುದೆಂದರೆ ಯಂತ್ರಭಾಷೆಯ ಮಟ್ಟದಲ್ಲಿ ಒದ್ದಾಡುವ ಕೆಲಸ. ನೆಕ್ಸ್‌ಮಾನ್ ಬಂದ ಮೇಲೆ, ಕಾಲೇಜಿನಲ್ಲಿ ಕಲಿಸುವ ಸಿ ಭಾಷೆಯಲ್ಲೇ ತಿದ್ದುಪಡಿ ಬರೆದು ಹಳೆಯ ಫರ್ಮ್‌ವೇರಿಗೆ ಹೊಲಿಯಬಹುದಾಯಿತು. ಚಿಪ್ಪಿನಲ್ಲಿ ಅಚ್ಚಾಗಿ ಹೋದ ಭಾಗವನ್ನೂ ಅವರು ಬಿಡಲಿಲ್ಲ. ಮಾರಾಟವಾದ ಮೇಲೆ ತಪ್ಪು ಕಂಡುಬಂದರೆ ತಿದ್ದಲೆಂದು ಚಿಪ್ಪಿನಲ್ಲೇ ತೇಪೆ ಹಚ್ಚುವ ಒಂದು ಸೌಲಭ್ಯವಿತ್ತು, ಅದನ್ನೇ ಹುಡುಕಿ ಬಳಸಿಕೊಂಡರು. ಮಾಡಿದ್ದನ್ನೆಲ್ಲ ಯಾರು ಬೇಕಾದರೂ ಓದಿ ಪರೀಕ್ಷಿಸಲೆಂದು ಬಹಿರಂಗವಾಗಿ ಇಟ್ಟರು. 2018ರಲ್ಲಿ ಶುಲ್ಜ್ ಅವರು ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, 'ನಿಮ್ಮ ವೈರ್‌ಲೆಸ್ ಕಾರ್ಡಿಗೆ ಹೊಸ ವಿದ್ಯೆ ಕಲಿಸುವುದು'. ಪ್ರಬಂಧಗಳಿಗೆ ಹೀಗೂ ಹೆಸರಿಡಬಹುದು!

ತಂದೆ ಎಲ್ಲವನ್ನೂ ಕೇಳಿ, ಅನುಭವಸ್ಥರ ಪ್ರಶ್ನೆಯೊಂದನ್ನು ಕೇಳಿದರು. "ಕಂಪನಿಯೋರು ಯೋಚನೆ ಮಾಡೇ ಮುಚ್ಚಿರ್ತಾರಲ್ಲೋ. ನಾವ್ಯಾಕೆ ಬಿಚ್ಚಬೇಕು?"

ಮಗ ಹಿಂದಿನ ವರ್ಷದ ಸಂಗತಿ ಹೇಳಿದ. 2017ರ ಏಪ್ರಿಲಿನಲ್ಲಿ ಗೂಗಲ್ಲಿನ ಪ್ರಾಜೆಕ್ಟ್ ಝೀರೋ ತಂಡದ ಗಾಲ್ ಬೆನಿಯಾಮಿನಿ ಎಂಬುವರು ಇದೇ ಬ್ರಾಡ್‌ಕಾಮ್ ಫರ್ಮ್‌ವೇರಿನೊಳಗೆ ದೋಷಗಳಿರುವುದನ್ನು ತೋರಿಸಿದರು. ಹತ್ತಿರದಲ್ಲಿ ಕುಳಿತವನೊಬ್ಬ ಬರೀ ವೈ-ಫೈ ಅಲೆಗಳ ಮೂಲಕ, ಫೋನಿನ ಮಾಲೀಕ ಒಂದು ಗುಂಡಿಯನ್ನೂ ಒತ್ತದೆ ಇದ್ದಾಗಲೂ, ಫೋನನ್ನು ವಶಪಡಿಸಿಕೊಳ್ಳಬಹುದಾಗಿತ್ತು. ದೊಡ್ಡ ಪ್ರೊಸೆಸರುಗಳಲ್ಲಿ ಎಷ್ಟೋ ವರ್ಷಗಳಿಂದ ಇದ್ದ ಸಾಮಾನ್ಯ ರಕ್ಷಣೆಗಳು ಕೂಡ ಆ ಚಿಪ್ಪಿನ ಪ್ರೋಗ್ರಾಮಿನಲ್ಲಿ ಇರಲಿಲ್ಲ. ಅದೇ ಜುಲೈ ತಿಂಗಳಲ್ಲಿ ನಿಟಾಯ್ ಆರ್ಟೆನ್‌ಸ್ಟೈನ್ ಎಂಬ ಇನ್ನೊಬ್ಬ ಸಂಶೋಧಕರು 'ಬ್ರಾಡ್‌ಪನ್' ಎಂಬ ಅದೇ ಬಗೆಯ ಮತ್ತೊಂದು ದೋಷವನ್ನು ವಿವರಿಸಿದರು. ಆಪಲ್, ಗೂಗಲ್ ಎರಡೂ ಅವಸರದಲ್ಲಿ ತೇಪೆ ಹಚ್ಚಬೇಕಾಯಿತು. ಯಾರೋ ಕೂತು ಮುಚ್ಚಳ ತೆಗೆದು ನೋಡಿದ್ದರಿಂದ ಅವು ಸಿಕ್ಕಿದವು. ನೋಡದೆ ಬಿಟ್ಟಿದ್ದರೆ ಕೋಟ್ಯಂತರ ಜೇಬುಗಳಲ್ಲಿ ಹಾಗೆಯೇ ಉಳಿಯುತ್ತಿದ್ದವು.

"ಹೂಂ," ಎಂದರು ತಂದೆ. ಮುಚ್ಚಿದ್ದೆಲ್ಲ ಚೆನ್ನಾಗಿರುತ್ತದೆ ಎಂಬ ನಂಬಿಕೆ ರಿಪೇರಿಯವರಿಗೆ ಇರುವುದಿಲ್ಲ.

ಮೊದಲ ದಿನದ ಪ್ರಯತ್ನ ಕೆಟ್ಟಿತು. ಬೀಗ ತೆಗೆದದ್ದಾಯಿತು, ರೂಟ್ ಆಯಿತು, ತಿದ್ದಿದ ಫರ್ಮ್‌ವೇರನ್ನು ಹಳೆಯದರ ಜಾಗದಲ್ಲಿ ಇಟ್ಟದ್ದಾಯಿತು. ವೈ-ಫೈ ಗುಂಡಿ ಒತ್ತಿದರೆ ಅದು ಒಂದು ಕ್ಷಣ ಹೊತ್ತಿಕೊಂಡಂತೆ ಮಾಡಿ ಆರಿಹೋಗುತ್ತಿತ್ತು. ಹತ್ತು ಸಲ ಒತ್ತಿದ. ಫೋನೇ ಸತ್ತಿತು ಎಂದು ಹುಡುಗನ ಮುಖ ಬಾಡಿತು. ತಂದೆ ಎದ್ದು ಮೇಲಿನ ಹಲಗೆಯಿಂದ ತಗಡಿನ ಡಬ್ಬಿಯೊಂದನ್ನು ಇಳಿಸಿ ಮುಂದಿಟ್ಟರು. ಒಳಗೆ ಹಳೆಯ ಕೆಪಾಸಿಟರುಗಳು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ಯಾವ ಸೆಟ್ಟು, ಯಾವ ಜಾಗ ಎಂದು ಬರೆದಿತ್ತು. "ಹೊಸದು ಹಾಕಿ ಸೆಟ್ಟು ಮಾತಾಡೋವರೆಗೂ ಹಳೇದನ್ನ ಎಸೀಬಾರದು. ನೀನು ತೆಗೆದದ್ದು ಎಲ್ಲಿಟ್ಟಿದ್ದೀಯ?"

ಪುಣ್ಯಕ್ಕೆ ಲ್ಯಾಪ್‌ಟಾಪಿನಲ್ಲಿ ಮೂಲ ಕಡತದ ಪ್ರತಿಯೊಂದಿತ್ತು. ಅದನ್ನು ವಾಪಸು ಇಟ್ಟು ಫೋನನ್ನು ಆರಿಸಿ ಹೊತ್ತಿಸಿದಾಗ ವೈ-ಫೈ ಏನೂ ಆಗದವರಂತೆ ಎದ್ದು ಕುಳಿತಿತು. ದೋಷ ಎಲ್ಲಿತ್ತು ಎಂಬುದು ರಾತ್ರಿ ಊಟವಾದ ಮೇಲೆ ಹೊಳೆಯಿತು. ಲಿನಕ್ಸಿನಲ್ಲಿ ಪ್ರತಿಯೊಂದು ಕಡತಕ್ಕೂ ಯಾರು ಓದಬಹುದು, ಯಾರು ಬರೆಯಬಹುದು ಎಂಬ ಅನುಮತಿ ಇರುತ್ತದೆ. ಹೊಸ ಕಡತವನ್ನು ನಕಲು ಮಾಡುವಾಗ ಆ ಅನುಮತಿ ಸರಿಯಾಗಿ ಬಂದಿರಲಿಲ್ಲ. ಆದ್ದರಿಂದ ಅದು ಚಿಪ್ಪಿಗೆ ತುಂಬಿಕೊಳ್ಳಲಿಲ್ಲ. ತಿದ್ದುಪಡಿಯಲ್ಲಿ ಏನೂ ತಪ್ಪಿರಲಿಲ್ಲ, ಬಾಗಿಲಲ್ಲೇ ತಡೆಯಾಗಿತ್ತು. ಎರಡು ದಿನ ಹೊಸ ಫರ್ಮ್‌ವೇರನ್ನೇ ಬೈದುಕೊಂಡು ಕೂರುವವರು ಎಷ್ಟೋ ಮಂದಿ. ಇನ್ನೊಂದು ಕಡೆ ಎಡವುವವರೂ ಉಂಟು. ಒಂದೊಂದು ಚಿಪ್ಪಿಗೆ, ಅದರ ಒಂದೊಂದು ಆವೃತ್ತಿಗೆ ಬೇರೆ ಬೇರೆ ತಿದ್ದುಪಡಿ. ಬೇರೆ ಫೋನಿನದನ್ನು ತಂದು ತುರುಕಿದರೆ ಕೆಲಸ ಮಾಡುವುದಿಲ್ಲ. (ಫೋನೇ ಬೇಡ ಎನ್ನುವ ಮನೆಗಳಿಗೆ ಒಂದು ಮಾತು. ಶಾಲಾ ಕಾಲೇಜುಗಳಲ್ಲಿ ಮಕ್ಕಳು ಬಳಸುವ ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರಿನ ವೈ-ಫೈ ಚಿಪ್ಪಿಗೂ ನೆಕ್ಸ್‌ಮಾನ್ ಒಗ್ಗುತ್ತದೆ. ಅದರಲ್ಲಿ ಯಾರ ಮದುವೆಯ ಚಿತ್ರವೂ ಇರುವುದಿಲ್ಲ.)

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಸೆಟ್ಟು ಮಾತಾಡಿತು. ಸೀಳಿದ ಗಾಜಿನ ಮೇಲೆ ಸಾಲುಗಳು ಏರಿ ಬಂದವು. ಮೊದಲು ಕಾಣಿಸಿದ್ದು ಅಕ್ಕಪಕ್ಕದ ವೈ-ಫೈ ಪೆಟ್ಟಿಗೆಗಳು, 'ನಾನಿದ್ದೇನೆ, ನನ್ನ ಹೆಸರು ಇದು' ಎಂದು ತಾವಾಗಿ ಕೂಗುವ ಕೂಗು. ಸಾಮಾನ್ಯವಾಗಿ ಒಂದೊಂದು ಪೆಟ್ಟಿಗೆ 102.4 ಮಿಲಿಸೆಕೆಂಡಿಗೊಮ್ಮೆ ಹೀಗೆ ಕೂಗುತ್ತದೆ, ಸೆಕೆಂಡಿಗೆ ಸುಮಾರು ಹತ್ತು ಸಲ, ಹಗಲು ರಾತ್ರಿ. ಬೀದಿ ನಿಶ್ಶಬ್ದವಾಗಿತ್ತು. ಅದೇ ಬೀದಿಯ ಗಾಳಿಯಲ್ಲಿ ಜಾತ್ರೆ ನಡೆದಿತ್ತು.

ತಂದೆಗೆ ಇದು ಬೇಗ ಅರ್ಥವಾಯಿತು. ರೇಡಿಯೋ ಸೆಟ್ಟಿನ ಬ್ಯಾಂಡಿನ ಮೇಲೆ ಮುಳ್ಳು ಓಡಿಸಿದ ಕೈ ಅದು. 2.4 ಗಿಗಾಹರ್ಟ್ಸ್ ಎಂದರೆ ಅವರು ತಿದ್ದುತ್ತಿದ್ದ ಮೀಡಿಯಂ ವೇವಿಗಿಂತ ಸಾವಿರಾರು ಪಟ್ಟು ಹೆಚ್ಚಿನ ಆವರ್ತ, ಆದರೆ ಅಲೆ ಅಲೆಯೇ. "ಆಗ ರೇಡಿಯೋ ಇಟ್ಕೊಳ್ಳೋದಕ್ಕೂ ಪೋಸ್ಟಾಫೀಸಲ್ಲಿ ಲೈಸೆನ್ಸು ಕಟ್ಟಬೇಕಿತ್ತು ಗೊತ್ತಾ? ಬರೀ ಕೇಳೋದಕ್ಕೆ!" ಎಂದು ನೆನಪಿಸಿಕೊಂಡರು. 1980ರ ದಶಕದ ಮಧ್ಯದಲ್ಲಿ ಆ ಲೈಸೆನ್ಸು ಹೋಯಿತು. ವೈ-ಫೈ ನಡೆಯುವ ಈ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಭಾರತ ಸರ್ಕಾರ ಲೈಸೆನ್ಸಿಲ್ಲದೆ ಬಿಟ್ಟುಕೊಟ್ಟದ್ದು 2005ರ ಜನವರಿಯಲ್ಲಿ.

"ಬೇರೆಯೋರು ಏನ್ ನೋಡ್ತಿದ್ದಾರೆ ಅಂತ ಕಾಣುತ್ತಾ ಇದರಲ್ಲಿ?"

"ಇಲ್ಲ ಅಪ್ಪ. ಪಾಸ್‌ವರ್ಡ್ ಇರೋ ವೈ-ಫೈಲಿ ಒಳಗಿನ ಮಾತೆಲ್ಲ ಗೂಢಲಿಪೀಲಿ ಹೋಗುತ್ತೆ. ಲಕೋಟೆ ಕಾಣುತ್ತೆ, ಕಾಗದ ಕಾಣಲ್ಲ."

ಆಗ ತಂದೆ ಒಂದು ಮಾತು ಹೇಳಿದರು. ಟೇಪ್ ರೆಕಾರ್ಡರುಗಳ ಕಾಲದಲ್ಲಿ ಜನ ಸೆಟ್ಟನ್ನು ರಿಪೇರಿಗೆ ಕೊಡುವಾಗ ಒಳಗಿನ ಕ್ಯಾಸೆಟ್ಟು ತೆಗೆಯುವುದನ್ನು ಮರೆಯುತ್ತಿದ್ದರು. ಕೆಲವದರಲ್ಲಿ ಹಾಡು, ಕೆಲವದರಲ್ಲಿ ಮನೆಯವರೇ ತುಂಬಿಸಿದ ಮಾತು. ದುಬೈಗೆ ಹೋದ ಗಂಡ ಕಳಿಸಿದ ಕ್ಯಾಸೆಟ್ಟೂ ಒಮ್ಮೆ ಬಂದಿತ್ತು. ಅಂದಿನಿಂದ ಅವರು ಗಿರಾಕಿಯ ಕ್ಯಾಸೆಟ್ಟನ್ನು ತೆಗೆದು ಪಕ್ಕಕ್ಕಿಟ್ಟು, ತಮ್ಮದೇ ಒಂದು ಪರೀಕ್ಷೆಯ ಕ್ಯಾಸೆಟ್ಟು ಹಾಕಿ ಸೆಟ್ಟನ್ನು ನೋಡುತ್ತಿದ್ದರು. ಮಗ ತಲೆಯಾಡಿಸಿದ. ಅಷ್ಟರಲ್ಲಿ ಅವನ ಕಣ್ಣು ಪರದೆಯ ಕೆಳಭಾಗಕ್ಕೆ ಹೋಗಿತ್ತು.

ಅಲ್ಲಿ ಇನ್ನೊಂದು ಪಟ್ಟಿ ಬೆಳೆಯುತ್ತಿತ್ತು. ಪೆಟ್ಟಿಗೆಗಳದ್ದಲ್ಲ, ಫೋನುಗಳದ್ದು. ಕೆಲವು ಫೋನುಗಳು, ಅದರಲ್ಲೂ ಹಳೆಯ ಆಂಡ್ರಾಯ್ಡ್ ಫೋನುಗಳು, ಯಾವ ವೈ-ಫೈಗೂ ಸೇರಿರದಿದ್ದಾಗ, ತಾವು ಹಿಂದೆ ಸೇರಿದ್ದ ವೈ-ಫೈಗಳ ಹೆಸರು ಹಿಡಿದು ಕೂಗುತ್ತವೆ. 'ಇಂಥವರು ಇದ್ದೀರಾ? ಇಂಥವರು ಇದ್ದೀರಾ?' ಎಂದು. ಪರದೆ ಆರಿದ್ದಾಗಲೂ ಈ ಕೂಗು ನಡೆಯುತ್ತದೆ ಎಂದು 2014ರಲ್ಲೇ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಚ್ಚರಿಸಿತ್ತು. ಈ ಕೂಗು ಗೂಢಲಿಪಿಯಲ್ಲಿ ಇರುವುದಿಲ್ಲ. ಇನ್ನೂ ಸಂಬಂಧವೇ ಬೆಳೆಯದವರೊಡನೆ ಗುಟ್ಟಿನ ಭಾಷೆಯಾದರೂ ಎಲ್ಲಿಂದ ಬರಬೇಕು? ಹಾಗಾಗಿ ಯಾವುದೋ ಫೋನು ಯಾವ ಲಾಡ್ಜಿನಲ್ಲಿ ಇಳಿದಿತ್ತು, ಯಾವ ಕಾಲೇಜಿಗೆ ಹೋಗಿತ್ತು ಎಂಬುದೆಲ್ಲ ಬೀದಿಯಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹುಡುಗ ನಗುತ್ತಾ ಒಂದೊಂದನ್ನೇ ಓದಿದ. ಎದುರಿನ ಟೈಲರ್ ಅಂಗಡಿಯ ಕಡೆಯಿಂದ ಮೈಸೂರಿನ ಒಂದು ಲಾಡ್ಜು. ಇನ್ನೊಂದು ಫೋನು ಯಾವುದೋ ಕೋಚಿಂಗ್ ಸೆಂಟರನ್ನು ಕೂಗುತ್ತಿತ್ತು. ಎಲ್ಲಕ್ಕಿಂತ ಹತ್ತಿರದಿಂದ, ಬಹಳ ಜೋರಾಗಿ ಬರುತ್ತಿದ್ದ ಸಂಕೇತ ಒಂದಿತ್ತು. ಅದು ಎರಡು ಹೆಸರು ಕೂಗುತ್ತಿತ್ತು. ಒಂದು, ಮಗನೇ ಮನೆಗೆ ತಂದುಕೊಟ್ಟಿದ್ದ ಪುಟ್ಟ ಹಾಟ್‌ಸ್ಪಾಟ್. ಇನ್ನೊಂದು, ಬೆಂಗಳೂರಿನ ಒಂದು ಹೃದಯದ ಆಸ್ಪತ್ರೆಯ ಅತಿಥಿಗಳ ವೈ-ಫೈ.

ಫೋನು ತಂದೆಯ ಅಂಗಿಯ ಜೇಬಿನಲ್ಲಿತ್ತು.

ಹುಡುಗನ ನಗು ನಿಂತಿತು. ಬಗ್ಗಿ ಪರದೆ ನೋಡುತ್ತಿದ್ದ ತಂದೆಯೂ ಅದನ್ನು ಓದಿದ್ದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಆಗಸ್ಟಿನಲ್ಲಿ ಒಂದು ದಿನ, ಬಿಡಿಭಾಗ ತರಲು ಎಸ್.ಪಿ. ರಸ್ತೆಗೆ ಹೋಗಿ ಬರುತ್ತೇನೆಂದು ಹೇಳಿ ಅವರು ಬೆಳಗಿನ ರೈಲು ಹತ್ತಿದ್ದುಂಟು.

"ಅಲ್ಲಿ ನಾಲ್ಕು ಗಂಟೆ ಕಾಯಿಸಿದ್ರು. ಪಕ್ಕದಲ್ಲಿ ಕೂತಿದ್ದ ಹುಡುಗ ಇಂಟರ್ನೆಟ್ ಹಾಕಿಕೊಟ್ಟ," ಎಂದರು, ಅದೇ ಮುಖ್ಯ ಸಂಗತಿ ಎನ್ನುವ ಹಾಗೆ.

"ಡಾಕ್ಟರು ಏನಂದ್ರು?"

"ಒಂದು ತಿಂಗಳೊಳಗೆ ಬಂದು ಆಂಜಿಯೋಗ್ರಾಮ್ ಮಾಡಿಸ್ಕೊಂಡು ಹೋಗಿ ಅಂದ್ರು. ನಿನ್ನ ಫೀಸು ಕಟ್ಟೋದಿತ್ತು. ಆಮೇಲೆ ನೋಡೋಣ ಅಂತ..."

ಎರಡು ತಿಂಗಳು ಕಳೆದಿತ್ತು. ಯಾರೂ ಮಾತಾಡಲಿಲ್ಲ. ಪರದೆಯ ಮೇಲೆ ಸಾಲುಗಳು ಏರುತ್ತಲೇ ಇದ್ದವು. ಆಸ್ಪತ್ರೆಯ ಹೆಸರು ಮತ್ತೊಮ್ಮೆ ಬಂತು, ಇನ್ನೊಮ್ಮೆ ಬಂತು. ತಂದೆ ಕನ್ನಡಕ ಹಾಕಿಕೊಂಡು ಕೇಳಿದರು. "ನಂದು ನೀನು ಓದಿದೆ. ಮಗ, ಓದಬಹುದು. ಆ ಟೈಲರ್‌ದು ಓದಿದ್ಯಲ್ಲ, ಅವನೇನು ನಿನ್ನ ಕೇಳಿದ್ನಾ?"

ಐದು ನಿಮಿಷದ ಹಿಂದೆ ಅದು ತಮಾಷೆಯಾಗಿತ್ತು. ಹುಡುಗ ಪ್ರೋಗ್ರಾಮನ್ನು ನಿಲ್ಲಿಸಿದ. ಅದು ಬರೆದಿಟ್ಟುಕೊಂಡಿದ್ದ ಕಡತವನ್ನೂ ಅಳಿಸಿದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ತಂದೆಯ ಪ್ರಶ್ನೆಗಳು ಮುಗಿದಿರಲಿಲ್ಲ. ಇದು ಕೇಳುವುದಷ್ಟೇ ಮಾಡುತ್ತದೆಯೋ, ಮಾತನ್ನೂ ಆಡುತ್ತದೆಯೋ? ಆಡುತ್ತದೆ. ತಿದ್ದಿದ ಫರ್ಮ್‌ವೇರಿನಿಂದ ಮನಸ್ಸಿಗೆ ಬಂದ ಸಂದೇಶವನ್ನು ಗಾಳಿಗೆ ಬಿಡಬಹುದು, ಬೇರೊಬ್ಬರ ಹೆಸರಿನಲ್ಲೂ ಬಿಡಬಹುದು. ಪಕ್ಕದ ಮನೆಯವರ ಫೋನಿಗೆ 'ನಿನ್ನ ಸಂಪರ್ಕ ಮುಗಿಯಿತು' ಎಂದು ಅವರ ಪೆಟ್ಟಿಗೆಯ ಹೆಸರಿನಲ್ಲಿ ಸುಳ್ಳು ಹೇಳಿ ಕಡಿದು ಹಾಕುವುದು ಹುಡುಗರಿಗೆ ಮೊದಲು ಹೊಳೆಯುವ ತುಂಟಾಟ. ಡಾರ್ಮ್‌ಸ್ಟಾಟಿನವರು 2017ರಲ್ಲಿ ಇದೇ ನೆಕ್ಸಸ್ 5 ಫೋನನ್ನು ಇತರರ ವೈ-ಫೈ ಅಡಗಿಸುವ ಜಾಮರ್ ಆಗಿ ಬದಲಾಯಿಸಿ ತೋರಿಸಿದ್ದರು. ಅಂಥದು ಸಾಧ್ಯ ಎಂದು ಜಗತ್ತಿಗೆ ತಿಳಿಸುವುದೂ ಸಂಶೋಧನೆಯೇ. ಪ್ರಯೋಗಾಲಯದ ಹೊರಗೆ, ಬಸ್ ನಿಲ್ದಾಣದಲ್ಲಿ ಕೂತು ಅದನ್ನೇ ಮಾಡಿದರೆ ಅಪರಾಧ. ಭಾರತದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಜಾಮರ್ ಬಳಸುವ ಹಾಗಿಲ್ಲ. ಮಾಲೀಕರ ಒಪ್ಪಿಗೆಯಿಲ್ಲದೆ ಅವರ ಕಂಪ್ಯೂಟರು, ನೆಟ್‌ವರ್ಕುಗಳಿಗೆ ಕೈ ಹಾಕಿದರೆ ಅಥವಾ ಅಡ್ಡಿಮಾಡಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೆಯ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತನ್ನ ಫೋನಿನ ಒಳಗೆ ಏನು ಮಾಡಿಕೊಂಡರೂ ನಷ್ಟ ತನ್ನದೇ. ಅಲ್ಲಿಂದ ಒಂದು ಸಂದೇಶ ಹೊರಗೆ ಬಿಟ್ಟ ಕೂಡಲೇ ಅದು ನೆರೆಯವರ ಅಂಗಳ.

ಆ ರಾತ್ರಿ ಮಗ ತಂದೆಯ ಫೋನಿನಲ್ಲಿ ಉಳಿದಿದ್ದ ಆಸ್ಪತ್ರೆಯ ವೈ-ಫೈ ಹೆಸರನ್ನು ತೆಗೆದುಹಾಕಿದ. ವೈ-ಫೈಯನ್ನು ಆರಿಸುವುದು ಹೇಗೆಂದೂ ತೋರಿಸಿದ. ಅದನ್ನು ಆರಿಸಬಹುದು ಎಂಬುದೇ ಅವರಿಗೆ ಅದುವರೆಗೆ ತಿಳಿದಿರಲಿಲ್ಲ. ಈ ವಿಷಯದಲ್ಲಿ ಅವರೊಬ್ಬರೇ ಅಲ್ಲ. ಮಕ್ಕಳು ಊರಿಗೆ ಬಂದಾಗ ಹಿರಿಯರ ಫೋನಿನಲ್ಲಿ ಮಾಡಿಕೊಡಬಹುದಾದ ಎರಡು ನಿಮಿಷದ ಕೆಲಸ ಇದು. ಇತ್ತೀಚಿನ ಫೋನುಗಳು ಎಷ್ಟೋ ವಾಸಿ. ಹುಡುಕುವಾಗ ತಮ್ಮ ನಿಜವಾದ ವಿಳಾಸ ಹೇಳದೆ ಬದಲಾಗುವ ಸುಳ್ಳು ವಿಳಾಸ ಕೊಡುವುದನ್ನು ಐಫೋನ್‌ಗಳು 2014ರಲ್ಲಿ ಶುರುಮಾಡಿದವು. 2019ರ ಆಂಡ್ರಾಯ್ಡ್ 10ರಿಂದ ವೈ-ಫೈಗೆ ಸೇರುವಾಗಲೂ ಅಂಥ ವಿಳಾಸವನ್ನು ಕೊಡುವುದು ರೂಢಿಯಾಯಿತು. ಹೀಗೆ ಬದಲಾದದ್ದು, ಕಿವಿಯ ಮುಚ್ಚಳ ತೆಗೆದು ಕೇಳಿದವರು ಕೇಳಿಸಿದ್ದನ್ನು ಬಹಿರಂಗವಾಗಿ ಹೇಳಿದ್ದರಿಂದಲೇ.

"ಅಮ್ಮನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದು ಮಗ ಕೇಳಿದ.

"ನಾನೇ ಹೇಳ್ತೀನಿ. ನೀನು ಮಲಕ್ಕೋ."

ಒಳಗಿನಿಂದ ಬಹಳ ಹೊತ್ತು ತಾಯಿಯ ದನಿ ಕೇಳುತ್ತಿತ್ತು. ಮಗ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡ.

ಸೋಮವಾರ ಮೂವರೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರು. ಒಂದು ರಕ್ತನಾಳ ಬಹುಪಾಲು ಮುಚ್ಚಿತ್ತು, ಸ್ಟೆಂಟ್ ಹಾಕಿದರು. ಕಾಯುವ ಹಾಲಿನಲ್ಲಿ ತಾಯಿಯ ಪಕ್ಕ ಕುಳಿತಿದ್ದ ಹುಡುಗನ ಬಳಿ ಆ ದಿನ ನೆಕ್ಸಸ್ ಇರಲಿಲ್ಲ. ಅದನ್ನು ಅವನು ತಿಪಟೂರಿನ ಅಂಗಡಿಯ ಹಲಗೆಯ ಮೇಲೆ, ತಗಡಿನ ಡಬ್ಬಿಯೊಂದರಲ್ಲಿ ಇಟ್ಟು ಬಂದಿದ್ದ. ತಂದೆ ಅದಕ್ಕೂ ಒಂದು ಚೀಟಿ ಕಟ್ಟಿದ್ದರು: ಯಾವ ಸೆಟ್ಟು, ಏನು ಬದಲಾಯಿಸಿದ್ದು, ಹಳೆಯದು ಎಲ್ಲಿದೆ.